ಬಣ್ಣಕ್ಕೆ ಮೊದಲು ಮೀಸೆ: ಮರುಭೂಮಿಯ ಲಾಂಗ್‌ಹಾರ್ನ್ ದುಂಬಿಯನ್ನು ಛಾಯಾಚಿತ್ರದಿಂದ ಗುರುತಿಸುವ ಬಗೆ

ಅಮೆರಿಕದ ಅರಿಜೋನಾ ರಾಜ್ಯದ ಸೊನೊರನ್ ಮರುಭೂಮಿಯಲ್ಲಿ ಮಳೆಗಾಲದ ಆಸುಪಾಸಿನಲ್ಲಿ ತೆಗೆದ ಕೀಟಚಿತ್ರಗಳಲ್ಲಿ ಒಂದೇ ಬಗೆಯ ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ: ಹಸಿರು ಪೊದೆಯ ಕಾಂಡಕ್ಕೆ ಅಂಟಿಕೊಂಡ ಕಪ್ಪು ಮತ್ತು ಕಿತ್ತಳೆ ಬಣ್ಣದ ದುಂಬಿ, ಅದರ ಮೈಗಿಂತ ಉದ್ದವಾಗಿ ಹಿಂದಕ್ಕೆ ಬಾಗಿದ ಮೀಸೆ. ಈ ಮೀಸೆಯಿಂದಲೇ ಇದರ ಕುಟುಂಬಕ್ಕೆ ಲಾಂಗ್‌ಹಾರ್ನ್, ಅಂದರೆ ಉದ್ದ ಕೊಂಬಿನದು, ಎಂಬ ಹೆಸರು. ಇಂಥ ಚಿತ್ರ ಕೈಗೆ ಬಂದ ಕೂಡಲೇ ಅದೇ ಬಣ್ಣದ ಇನ್ನೊಂದು ಚಿತ್ರವನ್ನು ಹುಡುಕಿ, ಅಲ್ಲಿದ್ದ ಹೆಸರನ್ನೇ ಇದಕ್ಕೂ ಅಂಟಿಸಿಬಿಡುವುದು ಹೆಚ್ಚಿನವರ ರೂಢಿ. ಮರುಭೂಮಿಯ ಮಟ್ಟಿಗೆ ಇದಕ್ಕಿಂತ ಬೇಗ ದಾರಿ ತಪ್ಪಿಸುವ ವಿಧಾನ ಬೇರೊಂದಿಲ್ಲ. ಅಲ್ಲಿ ಕಿತ್ತಳೆ, ಕೆಂಪು, ಹಳದಿಗಳು ಬಹುಪಾಲು ಎಚ್ಚರಿಕೆಯ ಬಣ್ಣಗಳು; ಕುಟುಕುವ ಕಣಜ, ವಿಷವುಳ್ಳ ದುಂಬಿ, ಇವೆರಡನ್ನೂ ಅನುಕರಿಸುವ ನಿರುಪದ್ರವಿ ಕೀಟಗಳು ಎಲ್ಲವೂ ಒಂದೇ ಬಣ್ಣವನ್ನು ಹಂಚಿಕೊಂಡಿರುತ್ತವೆ. ಆದ್ದರಿಂದ ಬಣ್ಣವನ್ನು ಕೊನೆಯ ಸಾಕ್ಷಿಯಾಗಿ ಇಟ್ಟುಕೊಂಡು, ಮೈಯ ರಚನೆ, ಕುಳಿತ ಗಿಡ ಮತ್ತು ತಿಂಗಳು, ಈ ಮೂರನ್ನು ಮೊದಲು ವಿಚಾರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಚಿತ್ರವನ್ನು ನೋಡುವ ಮೊದಲು

ಮೊದಲು ಮಾಡಬೇಕಾದದ್ದು ಮೂಲ ಕಡತವನ್ನು ಪಡೆಯುವುದು. ಮೊಬೈಲ್ ಸಂದೇಶಗಳಲ್ಲಿ ಕೈಬದಲಾಗಿ ಬಂದ ಚಿತ್ರ ಕುಗ್ಗಿರುತ್ತದೆ. ಅದರಲ್ಲಿ ಮೀಸೆಯ ಗೆಣ್ಣುಗಳೂ ಪಾದದ ಖಂಡಗಳೂ ಅಳಿಸಿಹೋಗಿರುತ್ತವೆ, ಮತ್ತು ಗುರುತಿಸುವಿಕೆ ನಿಂತಿರುವುದೇ ಅಂಥ ಸಣ್ಣ ಭಾಗಗಳ ಮೇಲೆ. ಮೂಲ ಕಡತದಲ್ಲಿ ತೆಗೆದ ದಿನಾಂಕವೂ, ಅನುಮತಿ ಕೊಟ್ಟಿದ್ದರೆ ಸ್ಥಳವೂ ಅಡಗಿರುತ್ತವೆ. ಚಿತ್ರವನ್ನು ಹರಿತಗೊಳಿಸುವ, ಬಣ್ಣವನ್ನು ಗಾಢಗೊಳಿಸುವ ಸೌಲಭ್ಯಗಳನ್ನು ಈ ಹಂತದಲ್ಲಿ ಮುಟ್ಟಬಾರದು. ಅವು ಇಲ್ಲದ ಗೆರೆಯನ್ನು ಮೂಡಿಸುತ್ತವೆ, ಇರುವ ನವಿರಾದ ರೋಮವನ್ನು ಅಳಿಸುತ್ತವೆ.

ಸ್ಥಳವೆಂದರೆ ಊರಿನ ಹೆಸರಷ್ಟೇ ಅಲ್ಲ, ಎತ್ತರವೂ ಬೇಕು. ಟ್ಯೂಸಾನ್ ನಗರ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿ, ಸಗ್ವಾರೊ ಕಳ್ಳಿಗಳ ನಡುವೆ ಇದೆ. ಅದರ ಬೆನ್ನಿಗೇ ಇರುವ ಮೌಂಟ್ ಲೆಮನ್ ಶಿಖರ 2,700 ಮೀಟರಿಗೂ ಎತ್ತರ, ಅಲ್ಲಿರುವುದು ಪೈನ್ ಮತ್ತು ಫರ್ ಮರಗಳ ಕಾಡು. ಒಂದೇ ದಿನದ ಪ್ರವಾಸದಲ್ಲಿ ಎರಡೂ ಕಡೆ ಚಿತ್ರ ತೆಗೆದವರು ಎಲ್ಲಕ್ಕೂ ‘ಟ್ಯೂಸಾನ್’ ಎಂದೇ ಬರೆದಿಟ್ಟರೆ, ಕಾಡಿನ ದುಂಬಿಯನ್ನು ಮರುಭೂಮಿಯಲ್ಲಿ ಹುಡುಕುತ್ತ ಸಂಜೆಯೆಲ್ಲ ಕಳೆಯಬೇಕಾಗುತ್ತದೆ. ಹಾಗೆಯೇ ಸೊನೊರನ್, ಮೊಹಾವಿ, ಚಿವಾವನ್, ಗ್ರೇಟ್ ಬೇಸಿನ್ ಎಂಬ ಉತ್ತರ ಅಮೆರಿಕದ ನಾಲ್ಕು ದೊಡ್ಡ ಮರುಭೂಮಿಗಳಲ್ಲಿ ಇದು ಯಾವುದು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡರೆ ಸಾಧ್ಯತೆಗಳ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಅನಂತರ ಗಿಡವನ್ನು ನೋಡಬೇಕು. ದುಂಬಿಯನ್ನು ಬಿಟ್ಟು ಹಿನ್ನೆಲೆಯನ್ನೇ ಒಂದೆರಡು ನಿಮಿಷ ನೋಡುವ ಅಭ್ಯಾಸ ಎಷ್ಟು ಉಪಯುಕ್ತವೆಂಬುದು ಮಾಡಿ ನೋಡಿದವರಿಗೆ ಗೊತ್ತು. ಲಾಂಗ್‌ಹಾರ್ನ್ ದುಂಬಿಗಳ ಮರಿಹುಳುಗಳು ಗಿಡದ ಕಾಂಡವನ್ನೋ ಬೇರನ್ನೋ ಕೊರೆದು ಬೆಳೆಯುವುದರಿಂದ ಈ ಕುಟುಂಬಕ್ಕೂ ಗಿಡಗಳಿಗೂ ಇರುವ ನಂಟು ಬಹಳ ಹತ್ತಿರದ್ದು.

ಇದು ಲಾಂಗ್‌ಹಾರ್ನ್ ದುಂಬಿಯೇ?

ಉದ್ದದ ಮೀಸೆ ಇದೆ ಎಂಬ ಒಂದೇ ಕಾರಣಕ್ಕೆ ಹೌದೆನ್ನುವಂತಿಲ್ಲ. ಈ ಕುಟುಂಬದ ವೈಜ್ಞಾನಿಕ ಹೆಸರು ಸೆರಾಂಬಿಸಿಡೇ. ಲೋಕದಲ್ಲಿ ಇದರ 35,000ಕ್ಕೂ ಹೆಚ್ಚು ಪ್ರಭೇದಗಳನ್ನು ವಿವರಿಸಲಾಗಿದೆ, ಮತ್ತು ಅವುಗಳಲ್ಲಿ ಗಿಡ್ಡ ಮೀಸೆಯವೂ ಸಾಕಷ್ಟಿವೆ. ಹೆಚ್ಚು ನಂಬಬಹುದಾದ ಗುರುತು ಮೀಸೆಯ ಉದ್ದವಲ್ಲ, ಮೀಸೆಯ ಬುಡ. ಚಿತ್ರವನ್ನು ಹಿಗ್ಗಿಸಿ ಕಣ್ಣನ್ನು ನೋಡಿ: ಲಾಂಗ್‌ಹಾರ್ನ್ ದುಂಬಿಗಳಲ್ಲಿ ಸಾಮಾನ್ಯವಾಗಿ ಕಣ್ಣು ದುಂಡಗಿರದೆ, ಹುರುಳಿ ಬೀಜದಂತೆ ಒಂದು ಕಡೆ ಕಚ್ಚು ಹೊಂದಿರುತ್ತದೆ, ಆ ಕಚ್ಚಿನೊಳಗಿಂದ, ಒಂದು ಸಣ್ಣ ಉಬ್ಬಿನ ಮೇಲಿಂದ ಮೀಸೆ ಹೊರಡುತ್ತದೆ. ಹಾಲುಗಳ್ಳಿಯಂಥ ಹಾಲು ಸುರಿಸುವ ಮಿಲ್ಕ್‌ವೀಡ್ ಗಿಡಗಳ ಮೇಲೆ ಸಿಗುವ ಕೆಂಪು ಬಣ್ಣದ, ಕಪ್ಪು ಚುಕ್ಕೆಯ ಟೆಟ್ರಾಓಪಿಸ್ ದುಂಬಿಗಳಲ್ಲಿ ಈ ಕಚ್ಚು ಎಷ್ಟು ಆಳವೆಂದರೆ ಕಣ್ಣು ಎರಡು ತುಂಡಾಗಿ, ಮೀಸೆಯ ಬುಡದ ಮೇಲೊಂದು ಕೆಳಗೊಂದು ಉಳಿದಿರುತ್ತದೆ. ಆ ಕುಲದ ಹೆಸರಿನ ಅರ್ಥವೇ ನಾಲ್ಕು ಕಣ್ಣಿನದು ಎಂದು. ಬದಿಯಿಂದ ತೆಗೆದ ಒಂದು ಸ್ಪಷ್ಟ ಚಿತ್ರವಿದ್ದರೆ ಈ ದುಂಬಿಯ ಕುಲ ಆ ಕ್ಷಣದಲ್ಲೇ ತೀರ್ಮಾನವಾಗುತ್ತದೆ.

ಮೀಸೆಯ ಗೆಣ್ಣುಗಳನ್ನು ಎಣಿಸಿ. ಸಾಮಾನ್ಯವಾಗಿ 11 ಇರುತ್ತವೆ. ಕಡಿಮೆ ಬಂದರೆ ತುದಿ ಮುರಿದಿರಬಹುದು, ಇನ್ನೊಂದು ಮೀಸೆಯನ್ನೂ ಎಣಿಸಿ ನೋಡಬೇಕು. ನಾಲ್ಕೈದೇ ಉದ್ದನೆಯ ತುಂಡುಗಳು ಕಂಡರೆ ಅದು ದುಂಬಿಯೇ ಅಲ್ಲ. ಸೊನೊರನ್ ಮರುಭೂಮಿಯಲ್ಲಿ ಮೆಸ್ಕೀಟ್ ಮರಗಳ ಮೇಲೆ ಗುಂಪಾಗಿ ಕೂರುವ ದೊಡ್ಡ ಮೆಸ್ಕೀಟ್ ತಿಗಣೆ ಹೀಗೆ ಬಹಳ ಜನರನ್ನು ಮೋಸಗೊಳಿಸುತ್ತದೆ. ಅದಕ್ಕೆ ದವಡೆಗಳ ಬದಲು ಹೊಟ್ಟೆಯಡಿಗೆ ಮಡಚಿಟ್ಟ ಸೂಜಿಯಂಥ ಸೊಂಡಿಲು ಇರುತ್ತದೆ, ಬೆನ್ನ ಮೇಲೆ ರೆಕ್ಕೆಗಳು ಒಂದರ ಮೇಲೊಂದು ಹಾದಿರುತ್ತವೆ. ದುಂಬಿಯ ರೆಕ್ಕೆಕವಚಗಳಾದರೋ, ಅಂದರೆ ಹಾರುವ ರೆಕ್ಕೆಗಳನ್ನು ಮುಚ್ಚುವ ಗಟ್ಟಿ ಮುಂರೆಕ್ಕೆಗಳು, ಬೆನ್ನಿನ ನಡುವೆ ಒಂದೇ ನೇರ ಗೆರೆಯಲ್ಲಿ ಕೂಡಿಕೊಂಡಿರುತ್ತವೆ.

ಪಾದ ಕಾಣುತ್ತಿದ್ದರೆ ಅದನ್ನೂ ಬಿಡಬೇಡಿ. ಲಾಂಗ್‌ಹಾರ್ನ್ ದುಂಬಿಯ ಪಾದದಲ್ಲಿ ಐದು ಖಂಡಗಳಿದ್ದರೂ ಕಾಣುವುದು ನಾಲ್ಕೇ; ಮೂರನೆಯದು ಹೃದಯದಾಕಾರದಲ್ಲಿ ಇಬ್ಭಾಗವಾಗಿ ಅಗಲಗೊಂಡು, ಪುಟ್ಟ ನಾಲ್ಕನೆಯದನ್ನು ತನ್ನೊಳಗೆ ಮುಚ್ಚಿಕೊಂಡಿರುತ್ತದೆ. ಎಲೆತಿನ್ನುವ ದುಂಬಿಗಳ ಪಾದವೂ ಹೀಗೆಯೇ ಇರುವುದರಿಂದ ಇದೊಂದೇ ಸಾಕಾಗದು. ಆದರೆ ಬ್ಲಿಸ್ಟರ್ ದುಂಬಿಗಳನ್ನು ಬೇರ್ಪಡಿಸಲು ಇದು ಚೆನ್ನಾಗಿ ನೆರವಾಗುತ್ತದೆ. ಮೊಹಾವಿ ಮತ್ತು ಸೊನೊರನ್ ಮರುಭೂಮಿಗಳಲ್ಲಿ ವಸಂತದಲ್ಲಿ ಹೂಗಿಡಗಳ ಮೇಲೆ ಹಿಂಡುಹಿಂಡಾಗಿ ಕಾಣಿಸುವ ಲಿಟ್ಟಾ ಮ್ಯಾಜಿಸ್ಟರ್ ಎಂಬ ಬ್ಲಿಸ್ಟರ್ ದುಂಬಿಯ ತಲೆ, ಎದೆ, ಕಾಲುಗಳು ಕಿತ್ತಳೆಗೆಂಪು, ರೆಕ್ಕೆಕವಚ ಕಪ್ಪು. ಬಣ್ಣವೊಂದನ್ನೇ ನೋಡಿದವರು ಇದನ್ನು ಲಾಂಗ್‌ಹಾರ್ನ್ ಎಂದು ಬರೆದಿಡುವುದು ಅಪರೂಪವಲ್ಲ. ತಲೆಯ ಹಿಂದೆ ಕಿರಿದಾದ ಕತ್ತಿರುವುದು, ಪಾದದ ಖಂಡಗಳು ತೆಳ್ಳಗೆ ಸಾಲಾಗಿರುವುದು, ರೆಕ್ಕೆಕವಚ ಮೆತ್ತಗೆ ತೊಗಲಿನಂತಿರುವುದು ಇದರ ಗುರುತು. ಈ ತಪ್ಪು ಕಾಗದದ ಮೇಲೆ ನಿಲ್ಲುವಂಥದ್ದಲ್ಲ: ಬ್ಲಿಸ್ಟರ್ ದುಂಬಿಗಳ ಮೈಯಲ್ಲಿ ಕ್ಯಾಂಥರಿಡಿನ್ ಎಂಬ, ಚರ್ಮದ ಮೇಲೆ ಗುಳ್ಳೆ ಎಬ್ಬಿಸುವ ರಾಸಾಯನಿಕವಿದೆ. ಗುರುತು ಖಚಿತವಾಗುವವರೆಗೆ ಯಾವ ಬಣ್ಣದ ದುಂಬಿಯನ್ನೂ ಬರಿಗೈಯಲ್ಲಿ ಹಿಡಿಯಬೇಡಿ.

ಮುಖದ ಇಳಿಜಾರು

ಲಾಂಗ್‌ಹಾರ್ನ್ ಎಂಬುದು ಖಚಿತವಾದ ಮೇಲೆ ಉಪಕುಟುಂಬವನ್ನು ಊಹಿಸಲು ಬದಿಯಿಂದ ತೆಗೆದ ಚಿತ್ರ ಬೇಕು. ಮುಖ ನೇರವಾಗಿ ಕೆಳಗಿಳಿದು, ದುಂಬಿ ತನ್ನ ಎದೆಯ ಕಡೆಗೇ ನೋಡುತ್ತಿರುವಂತೆ ಕಂಡರೆ ಅದು ಲ್ಯಾಮಿಯಿನೇ ಗುಂಪಿನದು. ಟೆಟ್ರಾಓಪಿಸ್‌ಗಳೂ, ಕಳ್ಳಿಗಳ ಮೇಲೆ ಬದುಕುವ, ಹಾರಲಾರದ ಕಪ್ಪು ಮೊನೈಲೆಮಾಗಳೂ ಇಲ್ಲಿ ಸೇರುತ್ತವೆ. ಮುಖ ಓರೆಯಾಗಿ ಮುಂದಕ್ಕೆ ಚಾಚಿದ್ದರೆ ಬಹುಮಟ್ಟಿಗೆ ಸೆರಾಂಬಿಸಿನೇ ಗುಂಪು. ಮರುಭೂಮಿಯ ಬಣ್ಣದ ದುಂಬಿಗಳಲ್ಲಿ ಹೆಚ್ಚಿನವು ಇದರವೇ. ಎದೆಫಲಕದ (ತಲೆಯ ಹಿಂದೆ ಎದೆಯ ಮೇಲ್ಭಾಗವನ್ನು ಮುಚ್ಚುವ ಗಟ್ಟಿ ಹಲಗೆಯ) ಅಂಚಿನಲ್ಲಿ ಗರಗಸದ ಹಲ್ಲುಗಳಿರುವ ಭಾರೀ ಕಂದು ದುಂಬಿಗಳು ಪ್ರಯೊನಿನೇ ಗುಂಪಿಗೆ ಸೇರಿದವು. ಬಣ್ಣದ ದುಂಬಿಯನ್ನು ಹುಡುಕುವವರು ಅವನ್ನು ಬದಿಗಿರಿಸಬಹುದು.

ಗಿಡ ಮತ್ತು ತಿಂಗಳು

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ತಿರುಳು ಇರುವುದು ಇಲ್ಲಿ. ಅರಿಜೋನಾದ ಮಳೆಗಾಲವನ್ನು ಹವಾಮಾನ ಇಲಾಖೆ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಲೆಕ್ಕ ಹಾಕುತ್ತದೆ, ಮತ್ತು ಬಣ್ಣದ ಲಾಂಗ್‌ಹಾರ್ನ್‌ಗಳ ಬಹುಪಾಲು ಚಿತ್ರಗಳು ಈ ಅವಧಿಯವು ಅಥವಾ ಅದರ ಬೆನ್ನಿಗೇ ಬರುವ ವಾರಗಳವು.

ಡೆಸರ್ಟ್ ಬ್ರೂಮ್ ಎಂಬ ಪೊರಕೆಯಂಥ ಹಸಿರು ಪೊದೆಯ ಕಾಂಡದ ಗಾಯದಿಂದ ರಸ ಒಸರುವಲ್ಲಿ ದುಂಬಿ ಕುಳಿತಿದ್ದರೆ ಮೊದಲು ಪರಿಶೀಲಿಸಬೇಕಾದ ಹೆಸರು ಡೆಂಡ್ರೋಬಿಯಾಸ್ ಮ್ಯಾಂಡಿಬುಲಾರಿಸ್. ಸುಮಾರು 2ರಿಂದ 3 ಸೆಂಟಿಮೀಟರ್ ಉದ್ದದ, ನುಣುಪಾದ ರೆಕ್ಕೆಕವಚದ ಮೇಲೆ ಕಪ್ಪು ಮತ್ತು ಹಳದಿಗಿತ್ತಳೆ ಬಣ್ಣ ಬೆರೆತ, ಮೀಸೆಯ ಮೇಲೆ ಅದೇ ಎರಡು ಬಣ್ಣ ಬಳೆಬಳೆಯಾಗಿ ಬಂದಿರುವ ದುಂಬಿ ಇದು. ಕಪ್ಪೆಷ್ಟು, ಹಳದಿಯೆಷ್ಟು ಎಂಬುದು ದುಂಬಿಯಿಂದ ದುಂಬಿಗೆ ಬದಲಾಗುತ್ತದೆ, ಆದ್ದರಿಂದ ನಿಮ್ಮ ಚಿತ್ರದ ಮಾದರಿ ಪುಸ್ತಕದ ಚಿತ್ರಕ್ಕೆ ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ಇದರ ಗಂಡುಗಳಲ್ಲಿ ಎರಡು ಬಗೆ. ದೊಡ್ಡ ಗಂಡುಗಳಿಗೆ ಮುಂದಕ್ಕೆ ಚಾಚಿದ ಇಕ್ಕುಳದಂಥ ದವಡೆಗಳಿರುತ್ತವೆ, ಸಣ್ಣ ಗಂಡುಗಳ ದವಡೆ ಹೆಣ್ಣಿನದರಂತೆ ಚಿಕ್ಕದು. 1980ರ ದಶಕದಲ್ಲಿ ಎಸ್. ಕೆ. ಗೋಲ್ಡ್‌ಸ್ಮಿತ್ ಈ ದುಂಬಿಗಳ ನಡವಳಿಕೆಯನ್ನು ಅಧ್ಯಯನ ಮಾಡಿ, ದೊಡ್ಡ ಗಂಡುಗಳು ರಸ ಒಸರುವ ಕಾಂಡಗಳನ್ನೂ ಸಗ್ವಾರೊ ಕಳ್ಳಿಯ ಮಾಗಿದ ಹಣ್ಣುಗಳನ್ನೂ ಕಾವಲು ಕಾಯ್ದು, ಅಲ್ಲಿಗೆ ಬರುವ ಹೆಣ್ಣುಗಳಿಗಾಗಿ ಬೇರೆ ಗಂಡುಗಳೊಡನೆ ಕಾದಾಡುವುದನ್ನು ವಿವರಿಸಿದರು. ಹೀಗಾಗಿ ಒಂದೇ ಕಾಂಡದ ಮೇಲೆ ಮೂರು ಬೇರೆ ಬೇರೆ ದುಂಬಿಗಳಿವೆ ಎಂದು ತೋರುವ ಚಿತ್ರದಲ್ಲಿ ವಾಸ್ತವವಾಗಿ ಇರುವುದು ಒಂದೇ ಪ್ರಭೇದದ ದೊಡ್ಡ ಗಂಡು, ಸಣ್ಣ ಗಂಡು ಮತ್ತು ಹೆಣ್ಣು ಆಗಿರಬಹುದು.

ಅದೇ ಡೆಸರ್ಟ್ ಬ್ರೂಮ್ ಮೇಲೆ ಬೇಸಿಗೆಯ ಕೊನೆಯಲ್ಲಿ ಕಾಣುವ ಇನ್ನೊಂದು ಸುಂದರ ದುಂಬಿ ಲೋಹದ ಹೊಳಪಿನ ಹಸಿರು ರೆಕ್ಕೆಕವಚದ ಸ್ಟೆನಾಸ್ಪಿಸ್ ವರ್ಟಿಕಾಲಿಸ್. ಹಸಿರಿನ ಜೊತೆಗೆ ಕೆಂಪುಗಿತ್ತಳೆಯೂ ಬೆರೆತ ಈ ದುಂಬಿಯನ್ನು ಬೇರೆಯದೆಂದು ಭ್ರಮಿಸುವ ಸಾಧ್ಯತೆ ಕಡಿಮೆ.

ಹೂವಿನ ಮೇಲಿದ್ದರೆ ಕಥೆ ಬೇರೆ. ಆಗಸ್ಟ್ ಕೊನೆಯಿಂದ ಶರತ್ಕಾಲದವರೆಗೆ, ಗ್ರೇಟ್ ಬೇಸಿನ್ ಮತ್ತು ಮೊಹಾವಿ ಕಡೆಯ ರ‍್ಯಾಬಿಟ್‌ಬ್ರಶ್ ಪೊದೆಗಳ ಹಳದಿ ಹೂಗೊಂಚಲಿನಲ್ಲಿ ತಲೆ ಹುದುಗಿಸಿ ಕುಳಿತ ಕೆಂಪು ದುಂಬಿ ಕ್ರಾಸಿಡಿಯಸ್ ಕುಲದ್ದಾಗಿರುವ ಸಂಭವ ಹೆಚ್ಚು. ಇವುಗಳ ಮರಿಹುಳುಗಳು ಅದೇ ಪೊದೆಗಳ ಬೇರಿನಲ್ಲಿ ಬೆಳೆಯುತ್ತವೆ. ಕ್ರಾಸಿಡಿಯಸ್ ಕೊರಾಲಿನಸ್ ಎಂಬ ಹವಳಗೆಂಪಿನ ಪ್ರಭೇದದಲ್ಲಿ ರೆಕ್ಕೆಕವಚದ ಹಿಂಭಾಗದ ಕಪ್ಪು ಮಚ್ಚೆ ಹೆಣ್ಣಿನಲ್ಲಿ ಗಂಡಿಗಿಂತ ಅಗಲವಾಗಿರುತ್ತದೆ, ಒಂದು ಕಣಿವೆಯ ದುಂಬಿಗೂ ಇನ್ನೊಂದರದಕ್ಕೂ ವ್ಯತ್ಯಾಸವಿರುತ್ತದೆ. ಜೋಡಿಯಾಗಿ ಕುಳಿತ ಚಿತ್ರ ಸಿಕ್ಕರೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಗಂಡುಹೆಣ್ಣುಗಳ ಅಂತರವನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಅನುಕರಣೆಯ ಎರಡು ಉದಾಹರಣೆಗಳು

ಟ್ರಾಜಿಡಿಯನ್ ಕುಲದ ದುಂಬಿಗಳು ಟರಾಂಟುಲಾ ಜೇಡಗಳನ್ನು ಬೇಟೆಯಾಡುವ ಪೆಪ್ಸಿಸ್ ಕಣಜಗಳನ್ನು ಅನುಕರಿಸುತ್ತವೆ. ಕಪ್ಪು ಮೈ, ಉರಿಯುವ ಕಿತ್ತಳೆ ರೆಕ್ಕೆ, ಉದ್ದ ಕಾಲುಗಳು: ಹಾರುವಾಗ ಅನುಭವಿಗಳೂ ಕಣಜವೆಂದೇ ಹಿಂದೆ ಸರಿಯುತ್ತಾರೆ. ಸ್ಥಿರಚಿತ್ರದಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ. ಕಣಜದ ರೆಕ್ಕೆ ತೆಳುವಾದ ಪೊರೆ, ಅದರಲ್ಲಿ ನರಗಳ ಜಾಲವಿದೆ, ಎದೆ ಮತ್ತು ಹೊಟ್ಟೆಯ ನಡುವೆ ಸಣ್ಣ ಸೊಂಟವಿದೆ. ಟ್ರಾಜಿಡಿಯನ್ನಿನ ಕಿತ್ತಳೆ ರೆಕ್ಕೆಯಲ್ಲ, ಗಟ್ಟಿಯಾದ ಕವಚ. ಅದರ ಮೇಲೆ ಉದ್ದುದ್ದಕ್ಕೆ ಉಬ್ಬಿದ ಏಣುಗಳಿರುತ್ತವೆ, ನಡುವೆ ನೇರ ಕೂಡುಗೆರೆ ಇರುತ್ತದೆ, ಎದೆಫಲಕ ಕಪ್ಪು ಮಖಮಲ್ಲಿನಂತಿರುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಲೈಕಸ್ ಕುಲದ ಬಲೆರೆಕ್ಕೆಯ ದುಂಬಿಗಳು ಮೈಯಲ್ಲಿ ಕಹಿ ರಾಸಾಯನಿಕವನ್ನಿಟ್ಟುಕೊಂಡು ಕಿತ್ತಳೆ ಬಣ್ಣದಲ್ಲಿ ನಿರ್ಭಯವಾಗಿ ಹೂಗಳ ಮೇಲೆ ಕೂರುತ್ತವೆ. ಲಾಂಗ್‌ಹಾರ್ನ್‌ಗಳಲ್ಲಿ ಎಲಿಟ್ರೊಲೆಪ್ಟಸ್ ಕುಲದವು ಇವುಗಳನ್ನೇ ಹೋಲುತ್ತವೆ: ಲೈಕಸ್ ಅರಿಜೊನೆನ್ಸಿಸ್‌ನ ಕಪ್ಪು ತುದಿಯ ಕಿತ್ತಳೆಗೆ ಎಲಿಟ್ರೊಲೆಪ್ಟಸ್ ಅಪಿಕಾಲಿಸ್, ಪೂರ್ತಿ ಕಿತ್ತಳೆಯ ಲೈಕಸ್ ಲೋರಿಪೆಸ್‌ಗೆ ಎಲಿಟ್ರೊಲೆಪ್ಟಸ್ ಇಗ್ನಿಟಸ್. ಅವು ಲೈಕಸ್‌ಗಳ ಗುಂಪಿನ ನಡುವೆಯೇ ಕುಳಿತು ಅವನ್ನು ಕಚ್ಚಿ ತಿನ್ನುತ್ತವೆ ಎಂಬುದನ್ನು ಥಾಮಸ್ ಐಸ್ನರ್, ಫೋಟಿಸ್ ಕಫಾಟೋಸ್ ಮತ್ತು ಇ. ಜಿ. ಲಿನ್ಸ್ಲಿ 1962ರಲ್ಲಿ ವರದಿ ಮಾಡಿದರು. ಆದ್ದರಿಂದ ಕಿತ್ತಳೆ ದುಂಬಿಗಳ ಗುಂಪಿನ ಚಿತ್ರ ಸಿಕ್ಕಿದಾಗ ಒಂದನ್ನು ಗುರುತಿಸಿ ಎಲ್ಲಕ್ಕೂ ಅದೇ ಹೆಸರಿಡದೆ, ಒಂದೊಂದರ ತಲೆಯನ್ನೂ ಪ್ರತ್ಯೇಕವಾಗಿ ನೋಡಬೇಕು. ಲೈಕಸ್‌ನ ತಲೆ ಮೇಲಿನಿಂದ ಎದೆಫಲಕದಡಿ ಮರೆಯಾಗಿ, ಕೆಳಗೆ ಕೊಕ್ಕಿನಂತೆ ಚಾಚಿರುತ್ತದೆ. ಅದರ ರೆಕ್ಕೆಕವಚದ ಮೇಲೆ ಬಲೆಯ ಕಣ್ಣುಗಳಂಥ ಗೆರೆಗಳಿರುತ್ತವೆ. ಎದೆಫಲಕದ ಮುಂದೆ ತಲೆ ಪೂರ್ತಿ ಕಂಡು, ಮೀಸೆಯ ಬುಡ ಕಣ್ಣಿನ ಕಚ್ಚಿನಲ್ಲಿದ್ದರೆ, ನಿಮ್ಮ ಚಿತ್ರದಲ್ಲಿರುವುದು ವೇಷಧಾರಿ.

ಒಂದು ಚಿತ್ರವನ್ನು ಓದೋಣ

ಒಂದು ಚಿತ್ರವನ್ನು ಕಲ್ಪಿಸಿಕೊಳ್ಳಿ: ಸೆಪ್ಟೆಂಬರ್ ಎರಡನೆಯ ವಾರ, ಟ್ಯೂಸಾನ್ ಹೊರವಲಯ, ಸುಮಾರು 800 ಮೀಟರ್ ಎತ್ತರ. ಡೆಸರ್ಟ್ ಬ್ರೂಮ್‌ನ ಬೆರಳು ದಪ್ಪದ ಕಾಂಡ. ಅದರಲ್ಲಿ ತೇವದಿಂದ ಕಪ್ಪಾದ ಒಂದು ಕಲೆ. ಕಲೆಯ ಅಂಚಿನಲ್ಲಿ ತಲೆಯಿಟ್ಟ ದುಂಬಿಯ ರೆಕ್ಕೆಕವಚ ಕಿತ್ತಳೆ, ಎದೆ ಕಪ್ಪು, ಮೀಸೆಯಲ್ಲಿ ಕಿತ್ತಳೆ ಮತ್ತು ಕಪ್ಪು. ಗಿಡ, ತಿಂಗಳು, ರಸ, ಬಳೆಬಳೆಯ ಮೀಸೆ ಎಲ್ಲವೂ ಡೆಂಡ್ರೋಬಿಯಾಸ್ ಎಂದೇ ಹೇಳುತ್ತಿವೆ. ಆದರೆ ಕವಚವನ್ನು ಹಿಗ್ಗಿಸಿ ನೋಡಿದರೆ ಬೆಳಕು ಅದರ ಮೇಲೆ ಒಂದೇ ಹೊಳಪಾಗಿ ಬೀಳದೆ ಉದ್ದನೆಯ ಪಟ್ಟಿಗಳಾಗಿ ಸೀಳಿದೆ. ಅಂದರೆ ಅಲ್ಲಿ ಏಣುಗಳಿವೆ. ಎದೆಫಲಕದಲ್ಲಿ ಹೊಳಪಿಲ್ಲ, ರೋಮದ ಮಬ್ಬಿದೆ. ಕವಚದ ಬುಡದಲ್ಲಿ ಕಿರಿದಾದ ಕಪ್ಪು, ಉಳಿದದ್ದೆಲ್ಲ ಒಂದೇ ಕಿತ್ತಳೆ. ಇದು ಟ್ರಾಜಿಡಿಯನ್. ಮೀಸೆ ಬಳೆಬಳೆಯಾಗಿರುವುದರಿಂದ, ಆ ಗುಣದಿಂದಲೇ ಹೆಸರು ಪಡೆದ ಟ್ರಾಜಿಡಿಯನ್ ಆನ್ಯುಲೇಟಮ್ ಮೊದಲ ಊಹೆಯಾಗುತ್ತದೆ. ಆದರೆ ಕುಲದ ಇತರ ಪ್ರಭೇದಗಳೂ ಅರಿಜೋನಾದಲ್ಲಿವೆ ಎಂಬುದನ್ನು ನೆನಪಿಟ್ಟು, ಊಹೆಯನ್ನು ಊಹೆಯಾಗಿಯೇ ಬರೆಯಬೇಕು. ನಾಲ್ಕು ಸಾಕ್ಷಿಗಳು ಒಂದು ಕಡೆ ವಾಲಿದ್ದಾಗ ಐದನೆಯದನ್ನು ಕೇಳದೆ ಬಿಡುವುದು ಬಹಳ ಸುಲಭ, ಅದಕ್ಕಾಗಿಯೇ ಈ ಉದಾಹರಣೆಯನ್ನು ಆರಿಸಿಕೊಂಡೆ.

ಈಗ ಬಣ್ಣ

ಇಷ್ಟಾದ ಮೇಲೆ ಬಣ್ಣವನ್ನು ನೋಡಬಹುದು, ಅದೂ ಬಣ್ಣದ ಛಾಯೆಯನ್ನಲ್ಲ, ಅದು ಎಲ್ಲಿದೆ ಎಂಬುದನ್ನು. ಮಧ್ಯಾಹ್ನದ ಬಿಸಿಲಿನಲ್ಲಿ ಕಿತ್ತಳೆ ಹಳದಿಯಾಗುತ್ತದೆ, ಫ್ಲ್ಯಾಷ್‌ನಲ್ಲಿ ಬಿಳಚಿಕೊಳ್ಳುತ್ತದೆ, ಸಂಜೆಯ ಬೆಳಕಿನಲ್ಲಿ ಕೆಂಪಾಗುತ್ತದೆ. ಲೋಹದ ಹಸಿರು ಕೋನ ಬದಲಾದರೆ ಬೇರೆಯೇ ಆಗಿ ತೋರುತ್ತದೆ. ಆದರೆ ಕಪ್ಪು ಪಟ್ಟೆ ಕವಚದ ಬುಡದಲ್ಲಿದೆಯೋ ತುದಿಯಲ್ಲಿದೆಯೋ, ಮೀಸೆಯ ಪ್ರತಿ ಗೆಣ್ಣಿನ ಯಾವ ಭಾಗ ಕಪ್ಪು, ತೊಡೆಯ ಬಣ್ಣವೂ ಪಾದದ ಬಣ್ಣವೂ ಒಂದೆಯೇ ಎಂಬುದನ್ನು ಯಾವ ಬೆಳಕೂ ಬದಲಿಸಲಾರದು.

ಚಿತ್ರವನ್ನು ನೋಡಿ ಹೆಸರು ಸೂಚಿಸುವ ಐನ್ಯಾಚುರಲಿಸ್ಟ್‌ನಂಥ ಸಾಧನಗಳನ್ನು ನಾನು ಬಳಸುತ್ತೇನೆ, ಬಳಸಬೇಕೆಂದೂ ಹೇಳುತ್ತೇನೆ. ಆದರೆ ಅನುಕರಣೆಯಿಂದ ಹಕ್ಕಿಗಳ ಕಣ್ಣೇ ಮೋಸಹೋಗುವಲ್ಲಿ, ಹೋಲಿಕೆಯನ್ನೇ ಆಧರಿಸಿದ ಯಂತ್ರವೂ ಮೋಸಹೋಗುತ್ತದೆ. ಅದು ಕೊಟ್ಟ ಹೆಸರಿನ ದುಂಬಿ ಆ ಮರುಭೂಮಿಯಲ್ಲಿ, ಆ ತಿಂಗಳಲ್ಲಿ, ಆ ಗಿಡದ ಮೇಲೆ ದಾಖಲಾಗಿದೆಯೇ ಎಂದು ನೀವೇ ಪರಿಶೀಲಿಸಬೇಕು. ಹುಡುಕುವಾಗ ಹಳೆಯ ಹೆಸರುಗಳೂ ತಿಳಿದಿರಲಿ: ಡೆಂಡ್ರೋಬಿಯಾಸ್ ಮ್ಯಾಂಡಿಬುಲಾರಿಸ್ ಅನೇಕ ಕಡೆ ಟ್ರಾಕಿಡೆರಿಸ್ ಮ್ಯಾಂಡಿಬುಲಾರಿಸ್ ಎಂದು ಕಾಣಿಸುತ್ತದೆ, ಎರಡೂ ಒಂದೇ ದುಂಬಿ.

ಮತ್ತೆ ಅದೇ ಜಾಗಕ್ಕೆ ಹೋಗುವ ಅವಕಾಶವಿದ್ದರೆ ಮೂರು ಚಿತ್ರಗಳನ್ನು ತೆಗೆಯಿರಿ: ಎರಡೂ ಮೀಸೆಗಳ ತುದಿ ಚೌಕಟ್ಟಿನೊಳಗೆ ಬರುವಂತೆ ನೇರ ಮೇಲಿನಿಂದ ಒಂದು, ಕಣ್ಣು ಮತ್ತು ಪಾದ ಕಾಣುವಂತೆ ಬದಿಯಿಂದ ಒಂದು, ಗಿಡದ ಎಲೆ ಹೂಗಳು ತಿಳಿಯುವಂತೆ ದೂರದಿಂದ ಒಂದು. ಬೆಳಗಿನ ತಂಪಿನಲ್ಲಿ ದುಂಬಿಗಳು ನಿಧಾನವಾಗಿರುವುದರಿಂದ ಆ ಹೊತ್ತು ಅನುಕೂಲಕರ. ಸಗ್ವಾರೊ ರಾಷ್ಟ್ರೀಯ ಉದ್ಯಾನದಂಥ ರಕ್ಷಿತ ಪ್ರದೇಶಗಳಲ್ಲಿ ಪರವಾನಗಿಯಿಲ್ಲದೆ ಕೀಟಗಳನ್ನು ಹಿಡಿದು ಒಯ್ಯುವುದು ನಿಷಿದ್ಧ, ಚಿತ್ರವಷ್ಟೇ ಸಾಕು.

ಕೊನೆಗೆ ಚಿತ್ರದ ಜೊತೆ ಇಡುವ ಟಿಪ್ಪಣಿಯಲ್ಲಿ ತಿಳಿದಷ್ಟನ್ನೇ, ತಿಳಿದ ಮಟ್ಟದಲ್ಲೇ ಬರೆಯಬೇಕು. ಏಣುಗಳು ಕಂಡು ಮೀಸೆಯ ತುದಿ ಮಸುಕಾಗಿದ್ದರೆ ಪ್ರಭೇದದ ಹೆಸರನ್ನು ಬಿಟ್ಟು ಕುಲದಲ್ಲೇ ನಿಲ್ಲಬೇಕು. ಮೇಲಿನ ಚಿತ್ರಕ್ಕಾದರೆ ನಾನು ಬರೆಯುವ ಟಿಪ್ಪಣಿ ಇಷ್ಟು: ‘ಟ್ರಾಜಿಡಿಯನ್ ಕುಲ, ಬಹುಶಃ ಆನ್ಯುಲೇಟಮ್, ಟ್ಯೂಸಾನ್ ಹೊರವಲಯ, ಸುಮಾರು 800 ಮೀಟರ್, ಸೆಪ್ಟೆಂಬರ್ ಎರಡನೆಯ ವಾರ, ಡೆಸರ್ಟ್ ಬ್ರೂಮ್ ಕಾಂಡದ ರಸದ ಮೇಲೆ, ಕವಚದಲ್ಲಿ ಏಣುಗಳು ಸ್ಪಷ್ಟ, ಪಾದ ಕಾಣುತ್ತಿಲ್ಲ.’